ಠಣ್ ತಾತನ ಗುರುಕುಡಿಕೆ

ಮಡಕೆ ಸುಟ್ಟ ಆವಿಗೆಯನ್ನು ಬಿಚ್ಚುವ ದಿನ ಬಂತೆಂದರೆ ಆ ಕುಂಬಾರರ ಅಂಗಳದಲ್ಲಿ ಯಾರೂ ಜೋರಾಗಿ ಮಾತಾಡುವಂತಿಲ್ಲ. ಅದು ಠಣ್ ತಾತನ ಕಟ್ಟಪ್ಪಣೆ. ಸುಟ್ಟ ಮಡಕೆಗಳೆಲ್ಲ ಆರಿ, ಬೂದಿ ಒರೆಸಿಕೊಂಡು ಸಾಲಾಗಿ ಕೂತಿರುತ್ತವೆ. ತಾತ ತನ್ನ ಮೋಟು ಸ್ಟೂಲಿನ ಮೇಲೆ ಕೂತು, ಒಂದೊಂದನ್ನೇ ಎಡಗೈಯಲ್ಲಿ ಎತ್ತಿ ಹಿಡಿದು, ಬಲಗೈ ಬೆರಳಿನ ಗೆಣ್ಣಿನಿಂದ ಒಮ್ಮೆ ತಟ್ಟುತ್ತಾನೆ. 'ಠಣ್' ಎಂದರೆ ಮಡಕೆ ಗಟ್ಟಿ, ಮಾರಾಟದ ಸಾಲಿಗೆ. 'ದಪ್' ಎಂದರೆ ಕಣ್ಣಿಗೆ ಕಾಣದ ಬಿರುಕು ಒಳಗೆಲ್ಲೋ ಇದೆ ಎಂದರ್ಥ, ಹಿತ್ತಲಿನ ಚೂರಿನ ಗುಡ್ಡೆಗೆ. ಕೆಟ್ಟ ಮಡಕೆ ಅಪ್ಪಿತಪ್ಪಿಯೂ ಯಾರ ಮನೆಗೂ ಹೋಗಬಾರದೆಂದು ತಾತ ಅದನ್ನು ತನ್ನ ಕೈಯಾರೆ ಒಡೆದುಬಿಡುತ್ತಾನೆ.

ಅವನಿಗೆ ಆ ಹೆಸರು ಬಂದದ್ದೇ ಹೀಗೆ. ಅಂಗಡಿಯವರು ಇನ್ನೊಬ್ಬರ ಮಡಕೆಯನ್ನು ನಾಲ್ಕು ಸಲ ತಿರುಗಿಸಿ ನೋಡುತ್ತಾರೆ. ಠಣ್ ತಾತ ತಟ್ಟಿದ್ದು ಎಂದರೆ ಕಣ್ಣು ಮುಚ್ಚಿಕೊಂಡು ಒಳಗಿಡುತ್ತಾರೆ. ಮಂಡಿ ನೋವು ಬಂದ ಮೇಲೆ ತಾತ ತಿಗರಿಯ ಚಕ್ರದ ಮುಂದೆ ಕೂರುವುದನ್ನು ಬಿಟ್ಟು, ಮಡಕೆ ಮಾಡುವ ಕೆಲಸವನ್ನು ಮಗಳಿಗೆ ಒಪ್ಪಿಸಿದ್ದ. "ಕಾಲು ಕೈಕೊಟ್ರೇನಂತೆ, ಕಿವಿ ಇದೆಯಲ್ಲ ನಂಗೆ" ಎಂದು ಬಂದವರೆದುರು ಹೇಳಿಕೊಳ್ಳುತ್ತಿದ್ದ. ಅರವತ್ತೆಂಟರ ಮನುಷ್ಯ. ಜಂಬಕ್ಕೆ ಮಾತ್ರ ಇನ್ನೂ ಇಪ್ಪತ್ತೈದು.

ಆದರೆ ಎರಡು ವರ್ಷದಿಂದ ಏನೋ ಎಡವಟ್ಟಾಗಿತ್ತು. ನೀರು ತುಂಬುವ ದೊಡ್ಡ ಬಾನಿಗಳು ಸರಿಯಾಗಿಯೇ ಮೊಳಗುತ್ತಿದ್ದವು. ಅಂಗೈಯಗಲದ ಕುಡಿಕೆಗಳು ಮಾತ್ರ ಆವಿಗೆಯಿಂದ ಆವಿಗೆಗೆ ಮಂಕಾಗುತ್ತ ಬಂದವು. ತಟ್ಟಿದರೆ ದಪ್, ದಪ್, ದಪ್.

ತಾತ ಮೊದಲು ಮಣ್ಣನ್ನು ಬೈದ. ಮಣ್ಣು ತರುವ ಗಾಡಿಯವನ ಜೊತೆ ಜಗಳವಾಡಿ ಬೇರೆ ಕಡೆಯಿಂದ ತರಿಸಿದ. ಸದ್ದು ಬದಲಾಗಲಿಲ್ಲ. ಆಮೇಲೆ ಸೌದೆಯನ್ನು ಬೈದ. ಸೌದೆಯೂ ಬದಲಾಯಿತು. ಕೊನೆಗೆ ಬೈಯಲು ಉಳಿದದ್ದು ಮಗಳ ಕೈಯೊಂದೇ. "ನಿನ್ನ ಹೆಬ್ಬೆರಳು ಜಾಸ್ತಿ ಒತ್ತುತ್ತೆ. ಗೋಡೆ ತೆಳುವಾಗುತ್ತೆ. ಗಮನ ಇಟ್ಟು ಮಾಡು" ಎಂದು ದಿನಾ ಒಂದೇ ಪಾಠ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ತಾತನಿಗೆ ನೆಲದ ಬದಲು ಮಣ್ಣು ಸಿಕ್ಕಿತ್ತು, ಅಷ್ಟೇ.

ಮನೆಯೊಳಗಿನ ಸಮಾಚಾರವೂ ಹಾಗೆಯೇ ಇತ್ತು. ಟಿವಿಯ ಸದ್ದು ಮೂರು ಮನೆ ದಾಟುತ್ತಿತ್ತು. ಫೋನು ಬಂದರೆ ತಾತ ಅದನ್ನು ಹೆಂಡತಿಯ ಕೈಗೆ ಕೊಟ್ಟು ಏನೋ ಕೆಲಸವಿದ್ದವನಂತೆ ಎದ್ದುಹೋಗುತ್ತಿದ್ದ. ನಾಲ್ಕು ಜನ ಕೂತು ಮಾತಾಡುವ ಕಡೆ, ಎಲ್ಲರೂ ನಕ್ಕ ಮೇಲೆ ತಾನೂ ನಗುತ್ತಿದ್ದ. ನೆರೆಯವರು ಜಾಣಕಿವುಡು ಎಂದು ತಮಾಷೆ ಮಾಡಿದರು. ತಾತನ ಲೆಕ್ಕದಲ್ಲಿ ತಪ್ಪೆಲ್ಲ ಕಾಲದ್ದು. "ಈಗಿನ ಜನಕ್ಕೆ ಬಾಯಿಬಿಟ್ಟು ಮಾತಾಡೋಕೇ ಬರಲ್ಲ. ಅರ್ಧ ಮಾತು ನುಂಗ್ಕೋತಾರೆ" ಎನ್ನುತ್ತಿದ್ದ. ಹೆಂಡತಿಗೆ ನಿಜ ಗೊತ್ತಿತ್ತು, ಮಗಳಿಗೂ ಗೊತ್ತಿತ್ತು. ಕಿವಿಯಿಂದಲೇ ಹೆಸರು ಪಡೆದವನಿಗೆ ನಿನ್ನ ಕಿವಿ ಮಂದವಾಗಿದೆ ಎಂದು ಹೇಳುವ ಧೈರ್ಯ ಮಾತ್ರ ಇಬ್ಬರಿಗೂ ಇರಲಿಲ್ಲ.

ಅವತ್ತು ಆವಿಗೆಯಿಂದ ಹೊರಬಂದದ್ದು ಮೊಸರಿನ ಅಂಗಡಿಯವರು ಹೇಳಿದ್ದ ನಲವತ್ತು ಕುಡಿಕೆ, ಜೊತೆಗೆ ಆರು ಬಾನಿ. ಬಾನಿಗಳೆಲ್ಲ ಮಾರಾಟದ ಸಾಲಿಗೆ ಹೋದವು. ಆಮೇಲೆ ಕುಡಿಕೆಗಳ ಸರದಿ.

"ದಪ್" ಎಂದ ತಾತ. ಒಡೆದ. ಇನ್ನೊಂದನ್ನು ಎತ್ತಿದ. "ಇದೂ ದಪ್."

"ಅದು ಚೆನ್ನಾಗೇ ಇತ್ತು" ಎಂದು ಮಗಳು ಬೆನ್ನ ಹಿಂದೆ ನಿಂತು ಗೊಣಗಿದಳು. ಬೆನ್ನ ಹಿಂದೆ ಗೊಣಗಿದರೆ ಅಪ್ಪನಿಗೆ ಕೇಳಿಸುವುದಿಲ್ಲ ಎಂಬುದು ಅವಳಿಗೆ ಅಭ್ಯಾಸವಾಗಿಹೋಗಿತ್ತು. ಎರಡು ವರ್ಷದ ಸಿಟ್ಟನ್ನೆಲ್ಲ ಅವಳು ಕಕ್ಕಿದ್ದು ಆ ಬೆನ್ನಿಗೇ.

ಇಪ್ಪತ್ತಾರನೆಯ ಕುಡಿಕೆ ಒಡೆದಾಗ ಅವಳು ಸುತ್ತಿ ಬಂದು ಅಪ್ಪನ ಎದುರು ಕುಕ್ಕರಗಾಲಲ್ಲಿ ಕೂತಳು. ಕೈಗೆಲ್ಲ ಆವಿಗೆಯ ಬೂದಿ ಮೆತ್ತಿತ್ತು.

"ಅಪ್ಪಾ, ಇದೇ ಕೊನೆ. ಮುಂದಿನ ತಿಂಗಳಿಂದ ನಾನು ಬಟ್ಟೆ ಅಂಗಡೀಲಿ ಕೆಲಸಕ್ಕೆ ಹೋಗ್ತೀನಿ. ಮಾತಾಡ್ಕೊಂಡು ಬಂದಿದೀನಿ. ನನ್ನ ಕೈಗೆ ಈ ವಿದ್ಯೆ ಹತ್ತಲಿಲ್ಲ ಅಂತ ತಿಳ್ಕೋ."

ಇದು ತಾತನಿಗೆ ಪೂರ್ತಿ ಕೇಳಿಸಿತು. ಇವಳು ಬಿಟ್ಟರೆ ಆ ತಿಗರಿ ಮುಟ್ಟುವವರು ಮನೆಯಲ್ಲಿ ಇನ್ನೊಬ್ಬರಿಲ್ಲ. ಆದರೂ ಬಾಯಿಂದ ಹೊರಬಂದದ್ದು ಬೇರೆಯೇ ಮಾತು. "ಹೋಗೋರನ್ನ ಕಟ್ಟಿ ಹಾಕೋಕಾಗುತ್ತಾ" ಎಂದುಬಿಟ್ಟ.

ಅಷ್ಟರಲ್ಲಿ ಗೇಟಿನ ಚಿಲಕ ಸರಿಯಿತು. ಆರೋಗ್ಯ ಕೇಂದ್ರದ ನರ್ಸು, ಬೀದಿಯವರೆಲ್ಲ ಬ್ಯಾಗಿನ ಸಿಸ್ಟರ್ ಎಂದು ಕರೆಯುವ ಹೆಂಗಸು, ತಾತನ ಹೆಂಡತಿಯ, ಅಂದರೆ ಅಜ್ಜಿಯ ಬಿಪಿ ನೋಡಲು ಬಂದಿದ್ದಳು. "ತಾತಾ, ಚೆನ್ನಾಗಿದೀರಾ?" ಎಂದು ಹಿಂದಿನಿಂದ ಕೇಳಿದಳು. ತಾತ ತಿರುಗಲಿಲ್ಲ. ಮತ್ತೆ ಕೇಳಿದಳು. ಮೂರನೆಯ ಸಲ ಎದುರಿಗೆ ಬಂದು ಕೇಳಿದಾಗ, "ಓ, ಯಾವಾಗ ಬಂದೆ ತಾಯಿ?" ಎಂದು ತಾತ ನಕ್ಕ.

ಅಜ್ಜಿಯ ತೋಳಿಗೆ ಪಟ್ಟಿ ಸುತ್ತುತ್ತಲೇ ಸಿಸ್ಟರ್ ಅಂಗಳವನ್ನೆಲ್ಲ ನೋಡಿದಳು. ಒಂದು ಕಡೆ ಬಾನಿಗಳ ಸಾಲು, ಇನ್ನೊಂದು ಕಡೆ ಒಡೆದ ಕುಡಿಕೆಗಳ ರಾಶಿ, ನಡುವೆ ಮುಖ ಊದಿಸಿಕೊಂಡ ಮಗಳು.

"ಬಾನಿ, ಕುಡಿಕೆ ಎಲ್ಲಾ ಒಂದೇ ಮಣ್ಣಾ ತಾತ?"

"ಒಂದೇ ಮಣ್ಣು, ಒಂದೇ ಆವಿಗೆ, ಒಂದೇ ಬೆಂಕಿ."

"ಮತ್ತೆ ಬಾನಿ ಒಂದೂ ಕೆಟ್ಟಿಲ್ಲ. ಕುಡಿಕೆನೇ ಯಾಕೆ ಕೆಡುತ್ತೆ?"

ತಾತ ಬಾನಿಗಳ ಕಡೆ ನೋಡಿದ, ಕುಡಿಕೆಗಳ ಕಡೆ ನೋಡಿದ. ಎರಡು ವರ್ಷದಲ್ಲಿ ಈ ಪ್ರಶ್ನೆಯನ್ನು ಅವನು ತನಗೆ ತಾನೇ ಕೇಳಿಕೊಂಡಿರಲಿಲ್ಲ.

ಸಿಸ್ಟರ್ ಅವನ ಮುಖಕ್ಕೆ ಮುಖ ಕೊಟ್ಟು ಕೂತು ನಿಧಾನವಾಗಿ ಹೇಳಿದಳು. "ಬೇಜಾರು ಮಾಡ್ಕೋಬೇಡಿ. ವಯಸ್ಸಾದ ಹಾಗೆ ಕಿವಿ ಒಂದೇ ಸಲ ಮುಚ್ಚಿಕೊಳ್ಳಲ್ಲ. ಸಾಮಾನ್ಯವಾಗಿ ಮೊದಲು ಹೋಗೋದು ಸಣ್ಣ ದನಿ, ಕೀರಲು ಸದ್ದು. ಹಕ್ಕಿ ಕೂಗೋದು, ಮಕ್ಕಳ ಮಾತು, ಫೋನಿನ ಟ್ರಿಣ್. ದಪ್ಪ ಸದ್ದು ಹಾಗೇ ಉಳಿದಿರುತ್ತೆ. ಲಾರಿ ಹೋದ್ರೆ ಕೇಳಿಸುತ್ತೆ, ಬಾಗಿಲು ಬಡಿದ್ರೆ ಕೇಳಿಸುತ್ತೆ. ಅದಕ್ಕೇ ನಮಗೆ ನಮ್ಮ ಕಿವಿ ಚೆನ್ನಾಗೇ ಇದೆ ಅನ್ಸುತ್ತೆ, ಜನ ಗೊಣಗ್ತಾರೆ ಅನ್ಸುತ್ತೆ."

"ನನ್ನ ಕಿವಿ ಬಗ್ಗೆ ನಂಗೇ ಪಾಠನಾ?" ತಾತ ದಡಕ್ಕನೆ ಎದ್ದ. ಮಂಡಿ ನೋವೂ ಮರೆತುಹೋಗಿತ್ತು. "ಬಾ ತಾಯಿ ಇಲ್ಲಿ. ಒಳ್ಳೇ ಕುಡಿಕೆ ಹೇಗೆ ಮಾತಾಡುತ್ತೆ ಅಂತ ನಿಂಗೆ ತೋರಿಸ್ತೀನಿ."

ಕೆಲಸದ ಚಪ್ಪರದ ತೊಲೆಯಿಂದ ಒಂದು ಪುಟ್ಟ ಕುಡಿಕೆ ಹಗ್ಗದಲ್ಲಿ ತಲೆಕೆಳಗಾಗಿ ನೇತಾಡುತ್ತಿತ್ತು. ಆ ಮನೆಯವರು ಅದನ್ನು ಗುರುಕುಡಿಕೆ ಎನ್ನುತ್ತಿದ್ದರು. ತಾತನ ಅಪ್ಪ ಮಾಡಿದ್ದು. ಕೆಲಸ ಕಲಿಯುವವರು ಮಣ್ಣು ಮುಟ್ಟುವ ಮುಂಚೆ ಒಂದು ತಿಂಗಳು ದಿನಾ ಬೆಳಗ್ಗೆ ಅದನ್ನು ತಟ್ಟಿ, ಆ ಸದ್ದನ್ನು ಕಿವಿಯಲ್ಲಿ ಕೂರಿಸಿಕೊಳ್ಳಬೇಕಿತ್ತು. ತಾತ ಕಲಿತದ್ದು ಹಾಗೆ. ಮಗಳನ್ನು ಏಳನೆಯ ವಯಸ್ಸಿನಲ್ಲಿ ಎತ್ತಿಕೊಂಡು ತಟ್ಟಿಸಿದ್ದೂ ಹಾಗೆಯೇ. ಬಾಯಿಪಾಠವಾದ ಸದ್ದು ಎಂದು ಎಷ್ಟೋ ವರ್ಷದಿಂದ ತಾತ ಅದನ್ನು ಮುಟ್ಟಿರಲಿಲ್ಲ.

ಗೆಣ್ಣು ಮಡಿಸಿ ತಟ್ಟಿದ. ದಪ್.

ಇನ್ನೊಮ್ಮೆ ತಟ್ಟಿದ. ದಪ್.

"ಇದೂ ಒಡೆದುಹೋಗಿದೆ" ಎಂದ ತಾತ. "ನಮ್ಮಪ್ಪನ ಕುಡಿಕೆನೂ ಕೆಟ್ಟುಹೋಯ್ತು. ಕೆಟ್ಟದ್ದು ಈ ಮನೇಲಿ ಇರಬಾರದು." ಹಗ್ಗ ಬಿಚ್ಚಿದವನೇ ಕುಡಿಕೆಯನ್ನು ಹಿಡಿದುಕೊಂಡು ಚೂರಿನ ಗುಡ್ಡೆಯ ಕಡೆ ದಾಪುಗಾಲು ಹಾಕಿದ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಇಲ್ಲಿ ಕುಂಬಾರನೇ ದೊಣ್ಣೆಯಾಗಿ ಹೊರಟಿದ್ದ. ಮಗಳು ಓಡಿಬಂದು ಅವನ ಎರಡೂ ಕೈಗಳನ್ನು ಕುಡಿಕೆಯ ಸಮೇತ ಹಿಡಿದುಕೊಂಡಳು.

"ಅಪ್ಪಾ, ಬೇಡ! ಅದು ಠಣ್ ಅಂತು. ನಂಗೆ ಕೇಳಿಸ್ತು. ಅಮ್ಮಂಗೂ ಕೇಳಿಸ್ತು."

"ನಂಗೆ ಕೇಳಿಸಲಿಲ್ಲ."

"ಹಾಗಾದ್ರೆ ನೀರು ಹಾಕಿ ನೋಡೋಣ. ನೀನೇ ಹೇಳಿಕೊಟ್ಟಿದ್ದಲ್ವಾ?"

ಅಂಗಳದ ಕಲ್ಲಿನ ಮೇಲೆ ಅವಳು ಒಣ ಬೂದಿ ಹರಡಿದಳು. ಅದರ ಮೇಲೆ ಗುರುಕುಡಿಕೆ ಇಟ್ಟು ಕಂಠದವರೆಗೆ ನೀರು ತುಂಬಿದಳು. ಒಂದೇ ಒಂದು ಹನಿ ಜಿನುಗಿದರೂ ಬೂದಿ ಕಪ್ಪಾಗಿ ಹೇಳಿಬಿಡುತ್ತದೆ. ನಾಲ್ವರೂ ಸುತ್ತ ಕೂತರು. ಅಜ್ಜಿ ಒಲೆಯ ಮೇಲಿಟ್ಟಿದ್ದ ಟೀ ಉಕ್ಕಿಹೋಯಿತು. ತಾತ ಕನ್ನಡಕ ಸರಿಮಾಡಿಕೊಂಡು, ಬಗ್ಗಿ, ಬೂದಿಯನ್ನೇ ದಿಟ್ಟಿಸುತ್ತಿದ್ದ. ಕಾಲು ಗಂಟೆ ಕಳೆದರೂ ಬೂದಿ ಇದ್ದ ಹಾಗೆಯೇ ಇತ್ತು. ಬಿಳಿಯಾಗಿ, ಒಣಗಿ.

ತಾತನ ಕಣ್ಣು ನಿಧಾನವಾಗಿ ಹಿತ್ತಲ ಗುಡ್ಡೆಯ ಕಡೆ ಹೋಯಿತು. ಎರಡು ವರ್ಷದ ಚೂರುಗಳು ಅವನ ಸೊಂಟದ ಎತ್ತರಕ್ಕಿದ್ದವು. ಅವನಿಗೆ ಆದದ್ದು ಅವಮಾನವಲ್ಲ, ದುಃಖ. ಅಷ್ಟೂ ಮಗಳ ಕೈಯ ಕೆಲಸ. ಮನೆಯ ಹೆಸರು ಉಳಿಸುತ್ತಿದ್ದೇನೆಂದು ನಂಬಿಕೊಂಡು ಅವನೇ ಒಡೆದಿದ್ದ.

ಸಿಸ್ಟರ್ ಕಡೆ ತಿರುಗಿ ಕೇಳಿದ. "ಇದಕ್ಕೆ ಮದ್ದಿದೆಯಾ ತಾಯಿ? ಬಿಸಿ ಎಣ್ಣೆ ಬಿಟ್ಕೊಂಡ್ರೆ ಹೋಗುತ್ತಾ?"

"ಎಣ್ಣೆ ಬಿಡಬೇಡಿ, ಕಡ್ಡಿ ಹಾಕಬೇಡಿ, ಹೇರ್‌ಪಿನ್ನೂ ಬೇಡ. ಮೊದಲು ಡಾಕ್ಟರಿಗೆ ತೋರಿಸೋಣ. ಒಂದೊಂದು ಸಲ ಬರೀ ಗುಗ್ಗೆ ಕಟ್ಕೊಂಡಿರುತ್ತೆ, ತೆಗೆದ್ರೆ ಸರಿಹೋಗುತ್ತೆ. ವಯಸ್ಸಿಂದಾದ್ರೆ ಮಾತ್ರೆಗೆ ಬಗ್ಗಲ್ಲ. ಆದ್ರೆ ಕಿವಿಗೆ ಹಾಕೋ ಮೆಷಿನ್ ಇದೆ. ಎಷ್ಟು ಬೇಗ ಶುರು ಮಾಡಿದ್ರೆ ಅಷ್ಟು ಒಳ್ಳೇದು."

ಮೆಷಿನ್ ಎಂದದ್ದೇ ತಾತ ಮುಖ ಸಿಂಡರಿಸಿದ. "ಅದನ್ನ ಹಾಕ್ಕೊಂಡು ಬೀದೀಲಿ ಹೋದ್ರೆ ಜನ ನಗ್ತಾರೆ."

ಅಜ್ಜಿ ಈಗ ಬಾಯಿಬಿಟ್ಟಳು. "ಈಗೇನು ನಗ್ತಾ ಇಲ್ವಾ? ನಿಮಗೆ ಕೇಳಿಸ್ತಿಲ್ಲ, ಅಷ್ಟೇ ರೀ."

ಸಿಸ್ಟರ್ ನಗು ತಡೆಯಲು ಬ್ಯಾಗಿನೊಳಗೆ ಏನೋ ಹುಡುಕುವವಳಂತೆ ತಲೆ ಬಗ್ಗಿಸಿದಳು. ಅಜ್ಜಿ ಮಾತ್ರ ನಗಲಿಲ್ಲ. "ಕಣ್ಣು ಮಂದ ಆದಾಗ ಕನ್ನಡಕ ಹಾಕ್ಕೊಂಡ್ರಿ. ಮೂಗಿನ ಮೇಲೆ ಎಲ್ಲರಿಗೂ ಕಾಣೋ ಹಾಗಿದೆ ಅದು. ಅದಕ್ಕಿಲ್ಲದ ನಾಚಿಕೆ ಕಿವಿಗ್ಯಾಕೆ? ಎರಡು ವರ್ಷದಿಂದ ನಿಮ್ಮ ಕಿವಿ ನಾನಾಗಿದೀನಿ. ಕೂಗಿ ಕೂಗಿ ನನ್ನ ಗಂಟಲು ಬಿದ್ದುಹೋಗಿದೆ. ಒಂದು ಗುಟ್ಟಿನ ಮಾತು ಆಡೋಕಾಗಲ್ಲ. ಮನೆ ವಿಷಯ ಎಲ್ಲಾ ಬೀದಿಗೆ ಗೊತ್ತು."

ತಾತನಿಗೆ ನಗು ಬಂತು. ನಗುವಿನ ಜೊತೆ ಕಣ್ಣಲ್ಲಿ ನೀರೂ ಬಂತು. ಮಗಳ ಕಡೆ ತಿರುಗಿದ. "ಒಂದೇ ಒಂದು ಆವಿಗೆ ಕಾಯ್ತೀಯಾ? ಆಮೇಲೆ ನಿನ್ನಿಷ್ಟ."

ಮಗಳು ಗುರುಕುಡಿಕೆಯ ನೀರು ಚೆಲ್ಲಿ ಅದನ್ನು ಬಿಸಿಲಿಗಿಟ್ಟಳು.

ಮುಂದಿನ ವಾರ ದೊಡ್ಡ ಆಸ್ಪತ್ರೆಗೆ ಹೋದರು. ಡಾಕ್ಟರು ಬೆಳಕು ಬಿಟ್ಟು ಕಿವಿ ನೋಡಿ ಗುಗ್ಗೆ ತೆಗೆದರು. ಸದ್ದು ಕೊಂಚ ತಿಳಿಯಾಯಿತು, ಪೂರ್ತಿ ಬರಲಿಲ್ಲ. ಆಮೇಲೆ ಗೋಡೆಗೆಲ್ಲ ಮೆತ್ತೆ ಹಾಕಿದ ಪುಟ್ಟ ಕೋಣೆಯಲ್ಲಿ ತಾತನನ್ನು ಕೂರಿಸಿ, ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟರು. ಸದ್ದು ಕೇಳಿಸಿದಾಗ ಒತ್ತಬೇಕು, ಅಷ್ಟೇ ಪರೀಕ್ಷೆ. ಸೂಜಿಯಿಲ್ಲ, ನೋವಿಲ್ಲ. ತಾತ ಒತ್ತಿದ, ಒತ್ತಿದ, ಆಮೇಲೆ ಬಹಳ ಹೊತ್ತು ಸುಮ್ಮನೆ ಕೂತ. "ಮೆಷಿನ್ ನಿಂತುಹೋಯ್ತೇನಮ್ಮಾ?" ಎಂದು ಕೇಳಿದ.

"ಇಲ್ಲ ತಾತ" ಎಂದಳು ಪರೀಕ್ಷೆ ಮಾಡುವ ಹುಡುಗಿ. "ಅಷ್ಟು ಹೊತ್ತೂ ಸದ್ದು ಬರ್ತಾನೇ ಇತ್ತು."

ಕಾಗದದ ಮೇಲೆ ಅವಳು ಗೆರೆ ತೋರಿಸಿದಳು. ದಪ್ಪ ಸದ್ದಿನ ಕಡೆ ಮೇಲಿದ್ದ ಗೆರೆ, ಸಣ್ಣ ಸದ್ದಿನ ಕಡೆ ಬರುತ್ತ ಅಟ್ಟದ ಏಣಿಯ ಹಾಗೆ ಕೆಳಗಿಳಿದಿತ್ತು. ತಾತನಿಗೆ ಅರ್ಥವಾಯಿತು. ಮೇಲೆ ಬಾನಿ, ಕೆಳಗೆ ಕುಡಿಕೆ.

ಮೆಷಿನ್ ಬಂತು. ಹುರುಳಿಕಾಯಿಯ ತುಂಡಿನಷ್ಟು ಇತ್ತು. ಆದರೆ ಮೊದಲ ದಿನವೇ ತಾತ ಅದನ್ನು ಕಿತ್ತು ಡಬ್ಬಿಗೆ ಹಾಕಿದ. ತಟ್ಟೆ ಇಟ್ಟರೆ ಸಿಡಿಲು, ಪೇಪರು ಮಡಿಸಿದರೆ ಬಿರುಗಾಳಿ, ತನ್ನ ದನಿಯೇ ತನಗೆ ಬೇರೆಯವರದ್ದು. "ಇದು ಮಾತು ಕೇಳಿಸಲ್ಲ, ಗಲಾಟೆ ಕೇಳಿಸುತ್ತೆ" ಎಂದು ಗುರ್ ಎಂದ.

ಸಿಸ್ಟರ್ ಬಂದಾಗ ಡಬ್ಬಿ ನೋಡಿದಳು. "ತಾತ, ತಿಗರಿ ಮುಂದೆ ಕೂತ ಮೊದಲನೇ ದಿನ ನೀವು ಎಷ್ಟು ಮಡಕೆ ಮಾಡಿದ್ರಿ?"

"ಒಂದೂ ಇಲ್ಲ. ಮಣ್ಣೆಲ್ಲಾ ಮುಖಕ್ಕೆ ಹಾರಿತ್ತು."

"ಇದೂ ಹಾಗೇನೇ. ಮರೆತುಹೋದ ಸದ್ದನ್ನ ತಲೆ ಮತ್ತೆ ಕಲೀಬೇಕು. ಸದ್ದಿಲ್ಲದ ಕೋಣೇಲಿ ದಿನಾ ಒಂದು ಗಂಟೆ ಹಾಕ್ಕೊಳ್ಳಿ. ಅಜ್ಜಿ ಜೊತೆ ಮಾತಾಡಿ. ಆಮೇಲೆ ಎರಡು ಗಂಟೆ. ಹೆಚ್ಚು ಕಮ್ಮಿ ಅನ್ಸಿದ್ರೆ ಸರಿಮಾಡಿಕೊಡ್ತಾರೆ, ಅದಕ್ಕೇ ಮತ್ತೆ ಬನ್ನಿ ಅಂತ ಹೇಳಿರೋದು."

ತಾತ ಕೋಣೆ ಹುಡುಕಲು ಹೋಗಲಿಲ್ಲ. ಮರುದಿನ ಬೆಳಗ್ಗೆ ಮೆಷಿನ್ ಹಾಕಿಕೊಂಡು ಚಪ್ಪರದ ಕೆಳಗೆ ಸ್ಟೂಲು ಎಳೆದುಕೊಂಡು ಕೂತ. ಒಣಗಿದ ಗುರುಕುಡಿಕೆ ಮತ್ತೆ ತನ್ನ ಜಾಗದಲ್ಲಿ ತೂಗುತ್ತಿತ್ತು. ತಟ್ಟಿದ, ಕೇಳಿದ. ತಟ್ಟಿದ, ಕೇಳಿದ. ಕಲಿಯಲು ಬಂದ ಮಗುವಿನಂತೆ ದಿನಾ ಬೆಳಗ್ಗೆ ಅದೇ ಕೆಲಸ. ಮೂರನೆಯ ವಾರ ಒಂದು ಬೆಳಗ್ಗೆ, ಎಲ್ಲೋ ದೂರದಿಂದ ಬಂದಂತೆ, ಸಣ್ಣಗೆ, ಆ ಸದ್ದು ಬಂತು. ಮೊದಲಿನಷ್ಟು ತುಂಬಿರಲಿಲ್ಲ. ಆದರೆ ದಪ್ ಅಲ್ಲ. ತಾತ ಯಾರಿಗೂ ಹೇಳದೆ ಕಣ್ಣೊರೆಸಿಕೊಂಡ.

ಮತ್ತೆ ಆವಿಗೆ ಬಿಚ್ಚಿದರು. ನಲವತ್ತು ಕುಡಿಕೆ ಸಾಲಾಗಿ ಕೂತವು. ಮಗಳು ಎಂದಿನಂತೆ ಬೆನ್ನ ಹಿಂದೆ ನಿಂತಳು. ತಾತ ಮೊದಲನೆಯದನ್ನು ಎತ್ತಿ ತಟ್ಟಿದ, ಮತ್ತೆ ತಟ್ಟಿದ, ಮೂರನೆಯ ಸಲವೂ ತಟ್ಟಿದ.

"ಒಂದು ಸಲ ಸಾಕು ಅಪ್ಪಾ."

"ಇರಮ್ಮ. ಕಿವಿ ತುಂಬ ಕೇಳ್ಕೊಳ್ತೀನಿ."

ಮೂವತ್ತೆಂಟು ಮಾರಾಟದ ಸಾಲಿಗೆ ಹೋದವು. ಎರಡರ ಮೇಲೆ ಅನುಮಾನ ಬಂತು. ತಾತ ಅವನ್ನು ಒಡೆಯಲಿಲ್ಲ. ಕೈ ಹಿಂದಕ್ಕೆ ಚಾಚಿ ಮಗಳಿಗೆ ಕೊಟ್ಟ. "ನೀನೂ ತಟ್ಟು. ಇನ್ಮೇಲೆ ಇಬ್ಬರೂ ಕೇಳಿದ ಮೇಲೇ ತೀರ್ಮಾನ." ಅವಳು ತಟ್ಟಿದಳು. ಎರಡೂ ನಿಜವಾಗಿ ಬಿರುಕು ಬಿಟ್ಟಿದ್ದವು.

ತಾತ ತಿರುಗದೆಯೇ, ಎದುರಿನ ಕುಡಿಕೆಗಳನ್ನು ನೋಡುತ್ತ ಹೇಳಿದ. "ಮಣ್ಣು ಸರಿಯಾಗೇ ಇತ್ತು. ಸೌದೆನೂ ಸರಿಯಾಗೇ ಇತ್ತು. ನಿನ್ನ ಕೈಯಂತೂ ನನ್ನ ಕೈಗಿಂತ ಚೆನ್ನಾಗಿದೆ ಮಗಳೇ. ತಪ್ಪು ನಂದು."

ಮಗಳದ್ದು ಎರಡು ವರ್ಷದ ಅಭ್ಯಾಸ, ಅಷ್ಟು ಬೇಗ ಹೋಗುತ್ತದೆಯೇ? ಬೆನ್ನ ಹಿಂದೆ ನಿಂತೇ, ಸೆರಗಿನಲ್ಲಿ ಮೂಗೊರೆಸಿಕೊಳ್ಳುತ್ತ, ತನಗೆ ತಾನೇ ಎಂಬಂತೆ ಗೊಣಗಿದಳು. "ಇಷ್ಟು ಹೇಳೋಕೆ ಎರಡು ವರ್ಷ ಬೇಕಾಯ್ತು ಈ ಮುದುಕನಿಗೆ."

"ಕೇಳಿಸ್ತು" ಎಂದ ತಾತ.

ಅಜ್ಜಿ ನಕ್ಕಳು, ಮಗಳು ಅಳುತ್ತಲೇ ನಕ್ಕಳು. ಈ ಸಲ ತಾತ ಎಲ್ಲರೂ ನಗಲಿ ಎಂದು ಕಾಯಲಿಲ್ಲ, ಅವರ ಜೊತೆಗೇ ನಕ್ಕ. ಸಂಜೆ ಮಗಳು, ಇನ್ನೊಂದು ತಿಂಗಳು ತಡೆಯಿರಿ ಎಂದು ಕೇಳಿಕೊಂಡಿದ್ದ ಬಟ್ಟೆ ಅಂಗಡಿಯವರಿಗೆ ಫೋನು ಮಾಡಿ, ಬರುವುದಿಲ್ಲ ಎಂದು ಹೇಳಿದಳು.

ಈ ಕಥೆ ಓದುತ್ತಿರುವ, ಕೇಳುತ್ತಿರುವ ಅಮ್ಮಂದಿರೇ, ಅಪ್ಪಂದಿರೇ, ನಿಮ್ಮನ್ನೊಂದು ಮಾತು ಕೇಳಬೇಕು. ಎದುರಿನವರು ಗೊಣಗುತ್ತಾರೆ ಎಂದು ನಿಮಗೂ ಅನ್ನಿಸುತ್ತಿದೆಯೇ? ಟಿವಿ ಸದ್ದಿಗೆ ಮನೆಯವರು ಬೈಯುತ್ತಿದ್ದಾರೆಯೇ? ನಾಲ್ಕು ಜನರ ಮಾತಿನ ನಡುವೆ ಸುಮ್ಮನೆ ತಲೆಯಾಡಿಸಿ ಎದ್ದುಬರುತ್ತಿದ್ದೀರಾ? ಹಾಗಿದ್ದರೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ಕಿವಿ ಪರೀಕ್ಷೆ ಎಲ್ಲಿ ಮಾಡುತ್ತಾರೆಂದು ಕೇಳಿ. ಮೆಷಿನ್ ಬೇಕಾದರೆ ಸಹಾಯ ಸಿಗುತ್ತದೆಯೇ ಎಂದೂ ಅಲ್ಲಿಯೇ ವಿಚಾರಿಸಿ. ಕಿವಿ ಇದ್ದಕ್ಕಿದ್ದಂತೆ ಕೇಳಿಸದೆ ಹೋದರೆ, ನೋವಿದ್ದರೆ, ಸೋರುತ್ತಿದ್ದರೆ ಒಂದು ದಿನವೂ ತಡಮಾಡಬೇಡಿ.

ಮಕ್ಕಳೇ, ಸೊಸೆಯಂದಿರೇ, ನಿಮಗೂ ಒಂದು ಮಾತು. ಬೆನ್ನ ಹಿಂದೆ ಗೊಣಗಬೇಡಿ, ದೂರದಿಂದ ಕಿರುಚಲೂ ಬೇಡಿ. ಎದುರಿಗೆ ಬಂದು, ಮುಖ ಕಾಣುವ ಹಾಗೆ ಕೂತು, ನಿಧಾನವಾಗಿ ಮಾತಾಡಿ. ಪರೀಕ್ಷೆಗೆ ಹೋಗಿ ಎಂದು ಹೇಳಿ ಸುಮ್ಮನಾಗಬೇಡಿ, ಜೊತೆಗೆ ಹೋಗಿ.

ಠಣ್ ತಾತನ ಹಿತ್ತಲಿನ ಗುಡ್ಡೆ ಈಗಲೂ ಹಾಗೆಯೇ ಇದೆ. ಒಡೆದದ್ದನ್ನು ಅವನು ಮತ್ತೆ ಕೂಡಿಸಲಾರ. ನಿಮ್ಮ ಮನೆಯಲ್ಲಿ ಅಂಥ ಗುಡ್ಡೆ ಬೆಳೆಯುವ ಮುಂಚೆ, ಮಣ್ಣನ್ನು ದೂರುವ ಮುಂಚೆ, ಒಮ್ಮೆ ಕಿವಿ ತೋರಿಸಿಕೊಂಡು ಬನ್ನಿ.